ಮನಸ್ಸಿನ ನೆಮ್ಮದಿಗೆ ವಿಆರ್: ಯಾವ ತೊಂದರೆಗೆ ಯಾವ ಆ್ಯಪ್, ಯಾವ ಹೆಡ್‌ಸೆಟ್?

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕ ಕಾಣಿಸುವ ಸಾಧನ, ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು, ಬೆಲೆ ಎಷ್ಟು ಎಂದು. ಮನಸ್ಸಿನ ಆರೋಗ್ಯಕ್ಕಾಗಿ ಕೊಳ್ಳುವವರು ಅದಕ್ಕೂ ಮೊದಲು ಇನ್ನೊಂದನ್ನು ತೀರ್ಮಾನಿಸಬೇಕು. ಈಗಿರುವ ಆತಂಕವನ್ನು ಇಳಿಸಿಕೊಳ್ಳಬೇಕೋ, ಆತಂಕ ಹುಟ್ಟಿಸುವ ಸಂಗತಿಯನ್ನೇ ಎದುರಿಸಲು ಕಲಿಯಬೇಕೋ? ಎರಡಕ್ಕೂ ವಿಆರ್ ಬಳಕೆಯಲ್ಲಿದೆ, ಆದರೆ ಎರಡೂ ಕೆಲಸ ಮಾಡುವ ರೀತಿ ತದ್ವಿರುದ್ಧ.

ಲಿಫ್ಟ್ ಹತ್ತಲು ಹೆದರುವವರನ್ನು ತೆಗೆದುಕೊಳ್ಳಿ. ಭಯವಾದಾಗಲೆಲ್ಲ ಹೆಡ್‌ಸೆಟ್ ಹಾಕಿಕೊಂಡು ಕಡಲತೀರದಲ್ಲಿ ಕೂತರೆ ಆ ಹೊತ್ತಿಗೆ ಹಾಯೆನಿಸುತ್ತದೆ. ಆದರೆ ಲಿಫ್ಟಿನ ಭಯ ಇದ್ದಲ್ಲೇ ಇರುತ್ತದೆ. ದೂರ ಉಳಿದದ್ದರಿಂದಲೇ ಬಚಾವಾದೆ ಎಂದು ಮನಸ್ಸು ಕಲಿಯುವುದರಿಂದ ಭಯ ಗಟ್ಟಿಯಾಗಲೂಬಹುದು. ಅವರಿಗೆ ಬೇಕಿರುವುದು ಭಯವನ್ನು ಅಳತೆ ಮೀರದಂತೆ ಎಬ್ಬಿಸಿ, ಅದು ತಾನಾಗಿ ತಗ್ಗುವವರೆಗೆ ಜೊತೆಗೆ ನಿಲ್ಲುವ ಅಭ್ಯಾಸ. ಇನ್ನು ಕೆಲಸದ ಒತ್ತಡದಿಂದ ನಿದ್ದೆಗೆಟ್ಟವರು ಎತ್ತರದ ಹಲಗೆಯ ಮೇಲೆ ನಡೆಯುವ ಆಟ ಆಡಿದರೆ ಎದೆಬಡಿತ ಏರುತ್ತದೆಯೇ ಹೊರತು ನಿದ್ದೆ ಬರುವುದಿಲ್ಲ. ಹೆಡ್‌ಸೆಟ್ ಕೊಂಡು ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಅನೇಕರು ಎಡವಿರುವುದು ಇಲ್ಲಿಯೇ.

## ಒತ್ತಡ ಇಳಿಸಿಕೊಳ್ಳಲು

ಕೆಲಸ ಮುಗಿದ ಮೇಲೂ ತಲೆಯಲ್ಲಿ ಯೋಚನೆ ನಿಲ್ಲದವರಿಗೆ, ಎದೆ ಬಿಗಿಯುವವರಿಗೆ, ನಿದ್ದೆ ತಡವಾಗುವವರಿಗೆ ವಿಶ್ರಾಂತಿಯ ಆ್ಯಪ್‌ಗಳು ಸೂಕ್ತ. ಇವುಗಳಲ್ಲಿ ಮೂರು ಬಗೆ ಇವೆ: ಸುಮ್ಮನೆ ಕೂತು ನೋಡುವ 360 ಡಿಗ್ರಿ ವಿಡಿಯೊ, ಉಸಿರಾಟದ ಲಯಕ್ಕೆ ಆಕಾರ ಮತ್ತು ಬಣ್ಣ ಹಿಗ್ಗಿ ಕುಗ್ಗುವ ಟ್ರಿಪ್‌ನಂಥ ಧ್ಯಾನದ ಆ್ಯಪ್, ಕಾಡು ಕಡಲುಗಳಲ್ಲಿ ಓಡಾಡುತ್ತ ಏನಾದರೂ ಮಾಡಬಹುದಾದ ನೇಚರ್ ಟ್ರೆಕ್ಸ್‌ನಂಥದ್ದು.

ಒಂದೇ ಚಿಂತೆ ಮತ್ತೆ ಮತ್ತೆ ಸುತ್ತುವವರಿಗೆ ಮೂರನೆಯದು ಒಳ್ಳೆಯದು. ಸುಮ್ಮನೆ ನೋಡುವ ವಿಡಿಯೊದ ಮುಂದೆ ಮನಸ್ಸು ಎರಡೇ ನಿಮಿಷದಲ್ಲಿ ಹಳೆಯ ಚಿಂತೆಗೆ ಮರಳುತ್ತದೆ. ಕೈಗೆ ಕೆಲಸವಿದ್ದರೆ ಗಮನ ಅಲ್ಲಿ ಹಿಡಿದಿರುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಸುಟ್ಟಗಾಯದ ರೋಗಿಗಳಿಗಾಗಿ ಬಳಸಿದ ಸ್ನೋವರ್ಲ್ಡ್ ಇದೇ ತತ್ವದ ಮೇಲೆ ನಿಂತಿದೆ. ಗಾಯ ತೊಳೆಯುವ ಹೊತ್ತಿನಲ್ಲಿ ರೋಗಿ ಹಿಮದ ಕಣಿವೆಯಲ್ಲಿ ಹಿಮದ ಉಂಡೆ ಎಸೆಯುತ್ತಿರುತ್ತಾನೆ, ನೋವಿಗೆ ಸಿಗುವ ಗಮನ ಕಡಿಮೆಯಾಗುತ್ತದೆ. ಉಸಿರಾಟದ ಆ್ಯಪ್ ಎದೆಬಡಿತ ಥಟ್ಟನೆ ಏರುವವರಿಗೆ ಹೊಂದುತ್ತದೆ. ಸುಮ್ಮನೆ ನೋಡುವ ವಿಡಿಯೊ ದೇಹ ದಣಿದಿರುವ ದಿನಗಳಿಗೆ ಸಾಕು.

ಉಸಿರಾಟದ ಆ್ಯಪ್ ಆರಿಸುವಾಗ ಅದರ ಲಯವನ್ನು ಗಡಿಯಾರ ಹಿಡಿದು ಎಣಿಸಿ. 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ ಎಂದರೆ ನಿಮಿಷಕ್ಕೆ ಆರು ಉಸಿರು. ಬಹಳ ಮಂದಿಗೆ ಹಿತವಾಗುವ ಲಯ ಇದರ ಆಸುಪಾಸಿನದು. ನಿಮಿಷಕ್ಕೆ ಹತ್ತು ಹನ್ನೆರಡು ಸಲ ಆಳವಾಗಿ ಎಳೆಯಲು ಹೇಳುವ ಆ್ಯಪ್ ಬೇಡ. ಆಳದ ಉಸಿರನ್ನು ಬೇಗಬೇಗ ತೆಗೆದುಕೊಂಡರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಹಗುರವಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಪ್ಯಾನಿಕ್ ಅಟ್ಯಾಕ್ ಆಗುವವರು ಅದನ್ನೇ ಇನ್ನೊಂದು ಅಟ್ಯಾಕ್ ಎಂದು ತಿಳಿದು ಹೆದರುತ್ತಾರೆ. ಒಳಗೆಳೆಯುವ ಉಸಿರು ಸಾಧಾರಣವಾಗಿರಲಿ, ಬಿಡುವ ಉಸಿರು ಮಾತ್ರ ಉದ್ದವಾಗಲಿ. ಹೆಡ್‌ಸೆಟ್ ಮೂಗಿನ ಮೇಲೆ ಕೂತು ಬಾಯಿಂದ ಉಸಿರಾಡುವಂತಾಗಿದ್ದರೆ ಬೆಲ್ಟ್ ಸಡಿಲಿಸಿ ಸ್ವಲ್ಪ ಮೇಲಕ್ಕೆ ಸರಿಸಿಕೊಳ್ಳಿ.

ಹತ್ತು ನಿಮಿಷ ಸಾಕು. ಅದಾದ ಮೇಲೆ ಹೆಡ್‌ಸೆಟ್ ತೆಗೆದು, ಕಣ್ಣು ಮುಚ್ಚಿ, ಅದೇ ಲಯದಲ್ಲಿ ಇನ್ನು ಮೂರು ನಿಮಿಷ ಕೂರಿ. ಇದನ್ನು ಬಿಡಲೇಬೇಡಿ. ಸಿಟಿ ಬಸ್ಸಿನಲ್ಲಿ, ಮ್ಯಾನೇಜರ್ ಎದುರಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಹೆಡ್‌ಸೆಟ್ ಇರುವುದಿಲ್ಲ, ಅಲ್ಲಿ ಒದಗುವುದು ಈ ಮೂರು ನಿಮಿಷದ ಅಭ್ಯಾಸವೇ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮುಗಿಸಿಕೊಳ್ಳಿ, ಕಣ್ಣಿಗೆ ಅಷ್ಟು ಹತ್ತಿರದ ಬೆಳಕು ನಿದ್ದೆಗೆ ಅನುಕೂಲವಲ್ಲ.

ಹೆಚ್ಚಿನ ಧ್ಯಾನದ ಆ್ಯಪ್‌ಗಳು ಮಾತನಾಡುವುದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಅರ್ಥವಾಗುವವರಿಗೂ ಮನಸ್ಸು ಕದಡಿದಾಗ ತಾಯ್ನುಡಿಯ ಧ್ವನಿ ಬೇಗ ನಾಟುತ್ತದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಮಾತಿನ ಧ್ವನಿಯನ್ನು ಮಾತ್ರ ಬಂದ್ ಮಾಡಿ, ನೀರಿನ ಮತ್ತು ಹಕ್ಕಿಯ ಸದ್ದು ಉಳಿಸಿಕೊಂಡು, ಪಕ್ಕದಲ್ಲಿ ಮೊಬೈಲಿನಿಂದ ಕನ್ನಡದ ಯೋಗನಿದ್ರೆಯ ಆಡಿಯೊ ಹಾಕಿಕೊಳ್ಳಬಹುದು. ಮಾತನ್ನು ಪ್ರತ್ಯೇಕವಾಗಿ ನಿಲ್ಲಿಸಲು ಬಿಡದ ಆ್ಯಪ್‌ಗೆ ದುಡ್ಡು ಕೊಡುವ ಮುನ್ನ ಯೋಚಿಸಿ.

## ಭಯವನ್ನು ಎದುರಿಸಲು

ವಿಆರ್‌ಗೆ ಗಟ್ಟಿ ಆಧಾರ ಇರುವ ಕ್ಷೇತ್ರ ಇದು. ಎತ್ತರದ ಭಯಕ್ಕೆ ವಿಆರ್ ಬಳಸಿದ ಬಾರ್ಬರಾ ರಾತ್‌ಬಾಮ್ ಮತ್ತು ಲ್ಯಾರಿ ಹಾಜಸ್ ಅವರ ಅಧ್ಯಯನ ಬಂದದ್ದು 1995ರಲ್ಲಿ. 2018ರಲ್ಲಿ ಆಕ್ಸ್‌ಫರ್ಡ್‌ನ ಡೇನಿಯಲ್ ಫ್ರೀಮನ್ ತಂಡ ಎತ್ತರದ ಭಯವಿದ್ದ 100 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೆಡ್‌ಸೆಟ್ಟಿನೊಳಗಿನ ಅನಿಮೇಟೆಡ್ ತರಬೇತುದಾರಳಿಂದಲೇ ಚಿಕಿತ್ಸೆ ಕೊಡಿಸಿತು. ಆ ಗುಂಪಿನಲ್ಲಿ ಭಯ ಸರಾಸರಿ 68 ಶೇಕಡ ಇಳಿಯಿತು. ಮರುವರ್ಷ ನೆದರ್ಲೆಂಡ್ಸ್‌ನಲ್ಲಿ 193 ಜನರ ಮೇಲೆ ನಡೆದ ಅಧ್ಯಯನದಲ್ಲಿ ಬಳಸಿದ್ದು ಮೊಬೈಲ್ ಮತ್ತು ಅದನ್ನು ಸಿಕ್ಕಿಸಿ ನೋಡುವ ರಟ್ಟಿನ ವ್ಯೂವರ್ ಮಾತ್ರ. ಮನೆಯಲ್ಲೇ ಮಾಡಿದ ಅಭ್ಯಾಸದಿಂದ ಅವರ ಭಯವೂ ಗಣನೀಯವಾಗಿ ಕಡಿಮೆಯಾಯಿತು. ದುಬಾರಿ ಹೆಡ್‌ಸೆಟ್ಟಿಗಿಂತ ಒಳಗಿನ ಕಾರ್ಯಕ್ರಮದ ಕ್ರಮ ಮುಖ್ಯ ಎಂದು ನಾವು ಒತ್ತಿ ಹೇಳಲು ಇದೊಂದೇ ಸಾಕು.

ಕ್ರಮ ಎಂದರೆ ಮೆಟ್ಟಿಲುಗಳು. ಎತ್ತರದ ಭಯಕ್ಕಾದರೆ ಒಂದನೇ ಮಹಡಿಯ ಕಿಟಕಿಯೊಳಗಿನಿಂದ ನೋಡುವುದು, ಅದೇ ಮಹಡಿಯ ಬಾಲ್ಕನಿ, ಐದನೇ ಮಹಡಿಯ ಬಾಲ್ಕನಿ, ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡುವುದು, ಗಾಜಿನ ಲಿಫ್ಟ್, ಹೀಗೆ. ಪ್ರತಿ ಮೆಟ್ಟಿಲಿಗೂ 0ಯಿಂದ 100ರವರೆಗೆ ಭಯದ ಅಂಕ ಕೊಟ್ಟುಕೊಂಡು, 30–40 ಬರುವ ಮೆಟ್ಟಿಲಿನಿಂದ ಶುರು ಮಾಡಿ. ಹೆಡ್‌ಸೆಟ್ ಹಾಕುವ ಮೊದಲು, ಏನಾಗಿಬಿಡುತ್ತದೆ ಎಂದು ಹೆದರುತ್ತಿದ್ದೀರೋ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ: "ಕಾಲು ಸೋತು ಬೀಳುತ್ತೇನೆ", "ಉಸಿರು ಕಟ್ಟುತ್ತದೆ". ಅಂಕ ಅರ್ಧಕ್ಕೆ ಇಳಿಯುವವರೆಗೆ, ಇಲ್ಲವೇ ಬರೆದದ್ದು ಆಗುತ್ತಿಲ್ಲ ಎಂದು ಮನದಟ್ಟಾಗುವವರೆಗೆ ಅಲ್ಲೇ ನಿಲ್ಲಿ. ಭಯ ತುದಿಗೇರಿದ ಕ್ಷಣದಲ್ಲಿ ಕಿತ್ತೆಸೆದರೆ ಓಡಿಹೋದದ್ದಷ್ಟೇ ಅಭ್ಯಾಸವಾಗುತ್ತದೆ.

ಆದರೆ ಹೊಟ್ಟೆ ತೊಳಸಿದರೆ ಕೂಡಲೇ ತೆಗೆಯಬೇಕು. ಭಯಕ್ಕೆ ನಿಲ್ಲಬೇಕು, ವಾಕರಿಕೆಗೆ ನಿಲ್ಲಬಾರದು. ಎರಡನ್ನೂ ಹೀಗೆ ಗುರುತಿಸಿ: ಭಯ ನೀವು ಅಲುಗಾಡದೆ ನಿಂತಾಗಲೂ ನೋಟದಿಂದಲೇ ಬರುತ್ತದೆ, ಅಂಗೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ವಾಕರಿಕೆ ದೃಶ್ಯ ಚಲಿಸುವಾಗ ಬರುತ್ತದೆ. ಮೊದಲು ಆಕಳಿಕೆ, ಬಾಯಲ್ಲಿ ನೀರು, ತಲೆ ಭಾರ. ಕಣ್ಣಿಗೆ ಚಲನೆ ಕಾಣುತ್ತಿದ್ದು ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಅದು ತಿಳಿಯದಿರುವುದೇ ಕಾರಣ. ಸಹಿಸಿಕೊಂಡು ಮುಂದುವರಿದರೆ ಗಂಟೆಗಟ್ಟಲೆ ಕಾಡುತ್ತದೆ, ಮರುದಿನ ಹೆಡ್‌ಸೆಟ್ ನೋಡಿದರೇ ಬೇಸರ ಬರುತ್ತದೆ.

ರಿಚೀಸ್ ಪ್ಲ್ಯಾಂಕ್ ಎಕ್ಸ್‌ಪೀರಿಯೆನ್ಸ್‌ನಂಥ ಆಟವನ್ನು ಚಿಕಿತ್ಸೆಯೆಂದು ಬಳಸಬೇಡಿ. ಲಿಫ್ಟಿನ ಬಾಗಿಲು ತೆರೆದರೆ ಎದುರಿಗೆ 80 ಮಹಡಿ ಎತ್ತರದಲ್ಲಿ ಹಲಗೆ. ನಡುವಿನ ಮೆಟ್ಟಿಲುಗಳೇ ಇಲ್ಲ. ಭಯ ಇಲ್ಲದವರಿಗೆ ಅದು ಮೋಜು, ಇರುವವರಿಗೆ ಆಘಾತ.

ಹೆಡ್‌ಸೆಟ್ಟಿನಲ್ಲಿ ದಾಟಿದ ಮೆಟ್ಟಿಲನ್ನು ಅದೇ ವಾರ ಹೊರಗೂ ದಾಟಬೇಕು. ಮೆಟ್ರೋ ನಿಲ್ದಾಣದ ಎಸ್ಕಲೇಟರ್, ಮಾಲಿನ ಮೂರನೇ ಮಹಡಿಯ ಕಂಬಿ, ಸ್ನೇಹಿತರ ಫ್ಲ್ಯಾಟಿನ ಬಾಲ್ಕನಿ ಇದಕ್ಕೆ ಆಗುತ್ತವೆ. ಸಭೆಯಲ್ಲಿ ಮಾತನಾಡಲು ಹೆದರುವವರು ವಿಆರ್ ಸಭಿಕರ ಮುಂದೆ ಐದು ನಿಮಿಷ ಮಾತನಾಡಿದ ವಾರವೇ ನಾಲ್ಕು ಜನ ಸಹೋದ್ಯೋಗಿಗಳ ಮುಂದೆ ಎರಡು ನಿಮಿಷ ಮಾತನಾಡಲಿ.

ಎತ್ತರ, ಜೇಡ, ವಿಮಾನ, ಭಾಷಣ ಮುಂತಾದ ನಿರ್ದಿಷ್ಟ ಭಯಗಳು ಸೌಮ್ಯವಾಗಿದ್ದರೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ಅಪಘಾತ, ಹಿಂಸೆ, ಲೈಂಗಿಕ ದೌರ್ಜನ್ಯದ ನೆನಪುಗಳಿಗೆ ಒಬ್ಬರೇ ವಿಆರ್ ಬಳಸಲೇಬಾರದು. ಯುದ್ಧದಿಂದ ಮರಳಿದ ಸೈನಿಕರಿಗಾಗಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ರಿಝೋ ರೂಪಿಸಿದ ಬ್ರೇವ್‌ಮೈಂಡ್‌ನಲ್ಲಿ ಪ್ರತಿ ಸದ್ದು, ಪ್ರತಿ ದೃಶ್ಯದ ಹಿಡಿತ ಎದುರು ಕೂತ ಚಿಕಿತ್ಸಕರ ಕೈಯಲ್ಲಿರುತ್ತದೆ. ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳಿಸುವಂಥ ಮನೋರೋಗ) ಇರುವವರ ವಿಷಯವೂ ಹಾಗೆಯೇ. ಹೊರಗೆ ಹೋಗಲು ಹೆದರುವ ಇಂಥ 346 ಜನರೊಂದಿಗೆ ಇಂಗ್ಲೆಂಡಿನಲ್ಲಿ ನಡೆದ ಗೇಮ್‌ಚೇಂಜ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಹೆಚ್ಚು ಉಪಯೋಗ ಕಂಡದ್ದು ತೀವ್ರ ಭಯವಿದ್ದವರಿಗೆ, ಆದರೆ ಜೊತೆಗೆ ಸಿಬ್ಬಂದಿ ಇದ್ದರು.

ಕ್ಲಿನಿಕ್ ಆರಿಸುವಾಗ ಕೇಳಬೇಕಾದವು ಇಷ್ಟು. ಚಿಕಿತ್ಸಕರು ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟೋ ಅಥವಾ ಮನೋವೈದ್ಯರೋ? ನಾನು ನೋಡುತ್ತಿರುವುದನ್ನು ಅವರು ತಮ್ಮ ಪರದೆಯಲ್ಲಿ ನೋಡುತ್ತಿರುತ್ತಾರೆಯೇ? ಮೆಟ್ಟಿಲುಗಳ ಪಟ್ಟಿಯನ್ನು ನನ್ನ ಜೊತೆ ಕೂತು ಮಾಡುತ್ತಾರೆಯೇ? ಮನೆಗೆ ಅಭ್ಯಾಸ ಕೊಡುತ್ತಾರೆಯೇ? ಹೆಡ್‌ಸೆಟ್ ತೊಡಿಸಿ ಇಪ್ಪತ್ತು ನಿಮಿಷ ಹೊರಗೆ ಹೋಗಿಬಿಡುವ ಕಡೆ ಶುಲ್ಕ ಕಟ್ಟಬೇಡಿ.

## ಬೇಸರಕ್ಕೆ, ಒಂಟಿತನಕ್ಕೆ

ಇಲ್ಲಿ ನಮ್ಮ ಸಲಹೆ ಚಿಕ್ಕದು. ಮೈ ಮನಸ್ಸು ಜಡವಾಗಿದ್ದರೆ ಧ್ಯಾನದ ಆ್ಯಪ್‌ಗಿಂತ ಬೀಟ್ ಸೇಬರ್‌ನಂಥ ಮೈ ಬೆವರಿಸುವ ಆಟ ಲೇಸು; ದಿನಕ್ಕೆ 15 ನಿಮಿಷ, ಕೈ ಬೀಸಲು ಎರಡು ಮೀಟರ್ ಉದ್ದಗಲದ ಖಾಲಿ ಜಾಗ, ಮೇಲೆ ಫ್ಯಾನ್ ಎಷ್ಟು ಕೆಳಗಿದೆ ಎಂದು ಕೈ ಎತ್ತಿ ನೋಡಿಕೊಂಡು. ಒಂಟಿತನಕ್ಕೆ ವಿಆರ್‌ಚಾಟ್‌ನಂಥ ಸಾರ್ವಜನಿಕ ಜಾಗಗಳನ್ನು ನಾವು ಸೂಚಿಸುವುದಿಲ್ಲ. ಅಪರಿಚಿತರ ಬೈಗುಳ ಅಲ್ಲಿ ಅಪರೂಪವಲ್ಲ, ನೊಂದ ಮನಸ್ಸಿಗೆ ಅದು ಇನ್ನಷ್ಟು ತಾಗುತ್ತದೆ. ದೂರದೂರಿನ ಗೆಳೆಯರೊಂದಿಗೆ ಖಾಸಗಿ ಕೋಣೆ ಮಾಡಿಕೊಂಡರೆ ಆ ಮಾತು ಬೇರೆ.

## ಈಗ ಹೆಡ್‌ಸೆಟ್

ರಟ್ಟಿನ ಅಥವಾ ಪ್ಲಾಸ್ಟಿಕ್ ವ್ಯೂವರ್ ಕೆಲವು ನೂರು ರೂಪಾಯಿಯಿಂದ ಸಿಗುತ್ತದೆ. ಗೂಗಲ್ 2014ರಲ್ಲಿ ತಂದ ಕಾರ್ಡ್‌ಬೋರ್ಡ್ ಮಾರುವುದನ್ನು 2021ರಲ್ಲಿ ನಿಲ್ಲಿಸಿದರೂ ಅದೇ ಮಾದರಿಯಲ್ಲಿ ಬೇರೆಯವರು ಮಾಡುತ್ತಾರೆ. ನಿಮ್ಮ ಮೊಬೈಲಿನಲ್ಲಿ ಜೈರೊಸ್ಕೋಪ್ ಇದೆಯೇ ನೋಡಿ, ಕಡಿಮೆ ಬೆಲೆಯ ಹಲವು ಮೊಬೈಲ್‌ಗಳಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ತಲೆ ತಿರುಗಿಸಿದಾಗ ದೃಶ್ಯ ಸರಿಯಾಗಿ ತಿರುಗದೆ ತಲೆಸುತ್ತು ಬರುತ್ತದೆ. ಇದ್ದರೂ ಅದು ಗ್ರಹಿಸುವುದು ತಲೆಯ ತಿರುಗುವಿಕೆಯನ್ನು ಮಾತ್ರ. ಮುಂದೆ ಬಾಗಿದರೆ ಇಡೀ ಲೋಕವೇ ನಿಮ್ಮ ಜೊತೆ ಬಾಗುತ್ತದೆ, ಹೀಗಾಗಿ ಕೂತೇ ನೋಡಬೇಕು. ಹತ್ತು ಹದಿನೈದು ನಿಮಿಷಕ್ಕೆ ಮೊಬೈಲ್ ಬಿಸಿಯಾಗುತ್ತದೆ. ವಿಡಿಯೊ 4ಕೆ ಇದ್ದರೂ ಮಸುಕಾಗಿ ಕಾಣುವುದೇಕೆಂದರೆ 3840 ಪಿಕ್ಸೆಲ್ ಸುತ್ತಲಿನ 360 ಡಿಗ್ರಿಗೂ ಹಂಚಿಹೋಗಿ, ಕಣ್ಣೆದುರಿನ 90 ಡಿಗ್ರಿಗೆ ಉಳಿಯುವುದು 960 ಮಾತ್ರ. ನಿಮಗೆ ವಿಆರ್ ಒಗ್ಗುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಮುಂದಿನ ಹಂತ, ಕಂಪ್ಯೂಟರ್ ಇಲ್ಲದೆ ತಾನೇ ನಡೆಯುವ ಹೆಡ್‌ಸೆಟ್. ಹೆಚ್ಚಿನವರಿಗೆ ಮೆಟಾ ಕ್ವೆಸ್ಟ್ 3ಎಸ್ ಮತ್ತು ಕ್ವೆಸ್ಟ್ 3 ನಡುವೆ ಆಯ್ಕೆ. 2024ರಲ್ಲಿ ಬಂದ 3ಎಸ್‌ನ ಬೆಲೆ ಅಮೆರಿಕದಲ್ಲಿ 299 ಡಾಲರ್‌ನಿಂದ ಶುರುವಾಯಿತು. ಎರಡರ ತೂಕವೂ ಅರ್ಧ ಕಿಲೋಗಿಂತ ತುಸು ಹೆಚ್ಚು, ಬ್ಯಾಟರಿ ಎರಡು ಗಂಟೆಯ ಆಸುಪಾಸು, ವಿಶ್ರಾಂತಿಯ ಆ್ಯಪ್‌ಗಳು ಎರಡರಲ್ಲೂ ನಡೆಯುತ್ತವೆ. ಮನಸ್ಸಿನ ಕೆಲಸಕ್ಕೆ ಮುಖ್ಯವಾದ ವ್ಯತ್ಯಾಸ ಲೆನ್ಸ್. 3ಎಸ್‌ನಲ್ಲಿ ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರಕ್ಕೆ 58, 63, 68 ಮಿ.ಮೀ. ಎಂಬ ಮೂರೇ ಸ್ಥಾನ. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ ನಡುವಿನ ಅಳತೆಗೂ ಹೊಂದಿಸಬಹುದು, ಅಂಚಿನವರೆಗೂ ಸ್ಪಷ್ಟ. ಕನ್ನಡಕದ ಅಂಗಡಿಯಲ್ಲಿ ನಿಮ್ಮ ಪಿಡಿ, ಅಂದರೆ ಇದೇ ಅಂತರ, ಅಳೆಸಿ. 62–64 ಬಂದರೆ 3ಎಸ್ ಸಾಕು. 60 ಅಥವಾ 66ರ ಹತ್ತಿರ ಬಂದು, ಹಣಕ್ಕೆ ಅಡ್ಡಿಯಿಲ್ಲದಿದ್ದರೆ ಕ್ವೆಸ್ಟ್ 3 ತಗೊಳ್ಳಿ. ಅಂತರ ಹೊಂದದ ಲೆನ್ಸ್ ಕಣ್ಣಿನ ಹಿಂದೆ ನೋವು ತರುತ್ತದೆ, ವಿಶ್ರಾಂತಿಗೆಂದು ಕೂತವರು ತಲೆನೋವು ಹೊತ್ತು ಏಳುತ್ತಾರೆ. 3ಎಸ್‌ನಲ್ಲಿ ಇಯರ್‌ಫೋನ್ ಚುಚ್ಚುವ 3.5 ಮಿ.ಮೀ. ತೂತಿಲ್ಲ, ಕ್ವೆಸ್ಟ್ 3ರಲ್ಲಿದೆ. ಗದ್ದಲದ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಅಮೆರಿಕದ ನೆಂಟರ ಕೈಲಿ ತರಿಸುವವರು ಇಲ್ಲಿ ವಾರಂಟಿ ಸಿಗದಿರಬಹುದು ಎಂಬುದನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬಿಳಿ ಪರದೆ ತೋರಿಸಿ, ಕಪ್ಪು ಅಥವಾ ಹಳದಿ ಚುಕ್ಕೆ ಇದೆಯೇ ನೋಡಿ. ಲೆನ್ಸಿನ ಮೂಲಕ ಬಿಸಿಲು ಒಳಹೊಕ್ಕು ಪರದೆ ಸುಟ್ಟ ಗುರುತು ಅದು, ರಿಪೇರಿಯಿಲ್ಲ. ಹಳೆಯ ಮಾಲೀಕರ ಖಾತೆ ತೆಗೆಸದೆ ಹಣ ಕೊಡಬೇಡಿ.

ಪ್ಲೇಸ್ಟೇಷನ್ ವಿಆರ್2 ಮುಖ್ಯವಾಗಿ ಮನೆಯಲ್ಲಿ ಪಿಎಸ್5 ಆಟದ ಯಂತ್ರ ಇದ್ದವರಿಗೆ, ಅದರಲ್ಲೂ ಆಟಗಳೇ ಹೆಚ್ಚು. ಆ್ಯಪಲ್ ವಿಷನ್ ಪ್ರೊ 2024ರಲ್ಲಿ 3,499 ಡಾಲರ್‌ಗೆ ಬಂತು. ಚಿತ್ರ ಅತ್ಯಂತ ಸ್ಪಷ್ಟ, ಧ್ಯಾನಕ್ಕೆ ಮೈಂಡ್‌ಫುಲ್‌ನೆಸ್ ಆ್ಯಪ್ ಜೊತೆಗೇ ಬರುತ್ತದೆ. ಆದರೆ ಆ ಒಂದೇ ಉದ್ದೇಶಕ್ಕೆ ಅಷ್ಟು ಖರ್ಚು ಮಾಡಬೇಡಿ ಎಂದೇ ಹೇಳುತ್ತೇವೆ.

## ಯಾರು ಮೊದಲು ವೈದ್ಯರನ್ನು ಕೇಳಬೇಕು

ಮೂರ್ಛೆರೋಗ ಇರುವವರು, ತಲೆಸುತ್ತಿನ ಕಾಯಿಲೆ ಇರುವವರು, ಗರ್ಭಿಣಿಯರು, ಪೇಸ್‌ಮೇಕರ್ ಹಾಕಿಸಿಕೊಂಡವರು (ಹೆಡ್‌ಸೆಟ್ ಮತ್ತು ಕಂಟ್ರೋಲರ್‌ಗಳಲ್ಲಿ ಅಯಸ್ಕಾಂತ ಇರಬಹುದು), ಸುತ್ತಲಿನದು ನಿಜವಲ್ಲ ಎಂಬ ಭಾವನೆ ಆಗಾಗ ಬರುವವರು. ಕೊನೆಯ ಗುಂಪಿನವರನ್ನು ಎಚ್ಚರಿಸುವವರು ಕಡಿಮೆ. ಹೆಡ್‌ಸೆಟ್ ತೆಗೆದ ಮೇಲೆ ಆ ಭಾವನೆ ಹೆಚ್ಚಬಹುದು. ಮಕ್ಕಳಿಗೆ ಮೆಟಾ ಹೇಳುವ ಕನಿಷ್ಠ ವಯಸ್ಸು 10, ಅದೂ ತಂದೆತಾಯಿ ನಿಭಾಯಿಸುವ ಖಾತೆಯಲ್ಲಿ. ಸಾಯುವ ಯೋಚನೆ ಬರುತ್ತಿದ್ದರೆ ಹೆಡ್‌ಸೆಟ್ ಅದಕ್ಕೆ ಮದ್ದಲ್ಲ, 14416ಕ್ಕೆ ಕರೆ ಮಾಡಿ. ನಿಮ್ಹಾನ್ಸ್ ಮುಂದಾಳ್ತನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತನಾಡಬಹುದು, ಉಚಿತ.

## ಮನೆಯಲ್ಲಿ ಬಳಸುವಾಗ

ಹಿಂದಿನ ಬೆಲ್ಟ್ ತಲೆಯ ಹಿಂಬದಿಯ ಉಬ್ಬಿನ ಕೆಳಗೆ ಕೂರಬೇಕು, ಆಗ ಭಾರ ಕೆನ್ನೆಯ ಮೇಲೆ ಬೀಳುವುದಿಲ್ಲ. ತುರುಬು ಕಟ್ಟಿದವರು ಅದನ್ನು ಕುತ್ತಿಗೆಯ ಹತ್ತಿರಕ್ಕೆ ಇಳಿಸಿಕೊಳ್ಳಲಿ. ತಲೆಗೆ ಎಣ್ಣೆ ಹಚ್ಚಿದ ದಿನ ಬೇಡ. ಹಣೆಯ ಕುಂಕುಮ, ವಿಭೂತಿ ಒರೆಸಿಕೊಳ್ಳದೆ ಹಾಕಿದರೆ ಫೋಮ್‌ಗೆ ಹಿಡಿದು ಹೋಗುವುದಿಲ್ಲ. ತೊಳೆಯಬಹುದಾದ ಸಿಲಿಕೋನ್ ಕವರ್ ಹಾಕಿಸಿ. ಲೆನ್ಸಿಗೆ ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ, ಸ್ಯಾನಿಟೈಸರ್ ಸೋಕಿಸಬೇಡಿ. ಕೋಣೆಯಲ್ಲಿ ಬೆಳಕಿರಲಿ. ಕರೆಂಟ್ ಹೋಗಿ ಕತ್ತಲಾದರೆ ಕ್ವೆಸ್ಟ್‌ನ ಕ್ಯಾಮೆರಾಗಳಿಗೆ ಸುತ್ತಲಿನದು ಕಾಣದೆ ದೃಶ್ಯ ತೇಲಾಡಲು ಶುರುವಾಗಬಹುದು, ಆಗ ಕಣ್ಣು ಮುಚ್ಚಿ ಹೆಡ್‌ಸೆಟ್ ತೆಗೆದುಬಿಡಿ. ಇಡುವಾಗ ಲೆನ್ಸ್ ಕಿಟಕಿಯ ಕಡೆ ಮುಖ ಮಾಡದಿರಲಿ. ಮುಗಿದ ಮೇಲೆ ಅರ್ಧ ಗಂಟೆ ಸ್ಕೂಟರ್ ಓಡಿಸಬೇಡಿ.

ವಯಸ್ಸಾದ ತಂದೆತಾಯಿಯನ್ನು ಊರಿನಿಂದ ಬೆಂಗಳೂರಿಗೋ ಹೊರದೇಶಕ್ಕೋ ಕರೆತಂದವರು ಊರಿನ ಮನೆಯನ್ನೇ ಅವರಿಗೆ ತೋರಿಸಬಹುದು. ಇದಕ್ಕೆ 5.7ಕೆ ಅಥವಾ ಹೆಚ್ಚಿನ 360 ಡಿಗ್ರಿ ಕ್ಯಾಮೆರಾ ಬೇಕು. ಕ್ಯಾಮೆರಾವನ್ನು ನೆಲದಿಂದ ಸುಮಾರು 110 ಸೆಂ.ಮೀ. ಎತ್ತರಕ್ಕೆ, ಕೂತವರ ಕಣ್ಣಿನ ಮಟ್ಟಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಕದಲಿಸದೆ ಐದು ನಿಮಿಷ ತೆಗೆಯಿರಿ. ಕೈಲಿ ಹಿಡಿದು ನಡೆದರೆ ನೋಡುವವರಿಗೆ ವಾಕರಿಕೆ ಗ್ಯಾರಂಟಿ. ಜನ ಒಂದು ಮೀಟರಿಗಿಂತ ಹತ್ತಿರ ಬಾರದಿರಲಿ, ಎರಡು ಲೆನ್ಸ್ ಸೇರುವ ಗೆರೆಯ ಮೇಲೆ ನಿಂತರೆ ಮುಖ ಸೀಳಿ ಕಾಣುತ್ತದೆ. ಜಗಲಿ, ತುಳಸಿಕಟ್ಟೆ, ಕೊಟ್ಟಿಗೆ ಎಲ್ಲ ಕ್ಯಾಮೆರಾದ ಒಂದೇ ಬದಿಗೆ ಬರುವಂತೆ ನೋಡಿಕೊಳ್ಳಿ, ಹಿರಿಯರು ಕತ್ತು ಹಿಂದಕ್ಕೆ ತಿರುಗಿಸುವ ಪ್ರಮೇಯ ಬರಬಾರದು. ತಿರುಗುವ ಕುರ್ಚಿ ಬೇಡ, ಕೈಯಿರುವ ಗಟ್ಟಿ ಕುರ್ಚಿ ಇರಲಿ, ಒಬ್ಬರು ಪಕ್ಕದಲ್ಲಿ ಭುಜ ಮುಟ್ಟಿಕೊಂಡಿರಲಿ. ತೀರಿಹೋದವರ ನೆನಪು ಬಂದು ಅಳುವುದೂ ಉಂಟು. ಆಗ ವಿಡಿಯೊ ನಿಲ್ಲಿಸಿ, ಅವರು ಹೇಳುವುದನ್ನು ಕೇಳಿ.

## ಎರಡು ವಾರದ ಪರೀಕ್ಷೆ

ಮಾಲ್‌ಗಳ ರೋಲರ್ ಕೋಸ್ಟರ್ ಕುರ್ಚಿಯಲ್ಲಿ ಕೂತು ವಿಆರ್ ಒಗ್ಗುವುದಿಲ್ಲ ಎಂದು ತೀರ್ಮಾನಿಸಬೇಡಿ, ಅದು ವಾಕರಿಕೆ ಬರಿಸುವ ಎಲ್ಲವನ್ನೂ ಒಟ್ಟಿಗೆ ಮಾಡುತ್ತದೆ. ಪರಿಚಯದವರ ಹೆಡ್‌ಸೆಟ್ ಎರವಲು ಸಿಕ್ಕರೆ ಕೂತಲ್ಲೇ ನೋಡುವ ನಿಶ್ಚಲ ದೃಶ್ಯದಿಂದ, ಐದು ನಿಮಿಷದಿಂದ ಶುರು ಮಾಡಿ. ವಾರಕ್ಕೆ ನಾಲ್ಕು ಸಲ, ಎರಡು ವಾರ. ಪ್ರತಿ ಸಲ ಆತಂಕದ ಮೂರು ಅಂಕ ಬರೆದಿಡಿ: ಹಾಕುವ ಮೊದಲು, ತೆಗೆದ ತಕ್ಷಣ, ಒಂದು ಗಂಟೆಯ ಬಳಿಕ. ಮೊದಲೆರಡರ ನಡುವೆ ಇಳಿದು ಮೂರನೆಯದರಲ್ಲಿ ಮತ್ತೆ ಏರುತ್ತಿದ್ದರೆ ಹೆಡ್‌ಸೆಟ್ ಬಿಡುವು ಕೊಡುತ್ತಿದೆ, ಅಷ್ಟೇ. ಆಗ ದುಬಾರಿಯದ್ದನ್ನು ಕೊಳ್ಳುವ ಬದಲು ರಟ್ಟಿನ ವ್ಯೂವರ್ ಮತ್ತು ಉಸಿರಾಟದ ಅಭ್ಯಾಸ ಸಾಕು. ಮೂರನೆಯ ಅಂಕವೂ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಧೈರ್ಯವಾಗಿ ಕೊಳ್ಳಿ. ಮೂರೂ ಕದಲದಿದ್ದರೆ ಆ ಪಟ್ಟಿಯನ್ನೇ ಹಿಡಿದು ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗಿ. ಯಾವ ಹೊತ್ತಿಗೆ ಎಷ್ಟು ಆತಂಕ, ಯಾವುದಕ್ಕೆ ಏರುತ್ತದೆ ಎಂದು ಅವರು ಮೊದಲ ಭೇಟಿಯಲ್ಲೇ ಕೇಳುತ್ತಾರೆ.